ರೋಕಿ ಮಾಮ್ ಹಾಡಿದ ಹಂಚಿನ ಕಥೆ

ಟೊಳ್ಳಾದದ್ದು ಏನು ಕಂಡರೂ ರೋಕಿ ಮಾಮ್ ಅದನ್ನು ಬಾರಿಸಿ ನೋಡದೆ ಬಿಡುತ್ತಿರಲಿಲ್ಲ. ರಟ್ಟಿನ ಪೆಟ್ಟಿಗೆ, ನೀರಿನ ಡ್ರಮ್ಮು, ಮಟಾಟು ಎಂಬ ಬಾಡಿಗೆ ವ್ಯಾನಿನ ಸೀಟಿನ ಬೆನ್ನು. ಒಮ್ಮೆ ಮ್ಯಾನೇಜರರ ಹೊಸ ಹೆಲ್ಮೆಟ್ಟು, ಅದೂ ಅವರ ತಲೆಯ ಮೇಲಿದ್ದಾಗಲೇ. ಕಡಲಾಚೆ, ಮೊಂಬಾಸಾದಿಂದ ಒಂದು ರೈಲಿನಷ್ಟು ದೂರದ ಎಂಬಕಸಿಯ ನಮ್ಮ ಸರಕು ಸಾಗಣೆ ಕಚೇರಿಯಲ್ಲಿ ಅವರು ಕಸ್ಟಮ್ಸ್ ಕಾಗದಗಳನ್ನು ನೋಡುವ ಹಿರಿಯ ಗುಮಾಸ್ತರು; ಮಾಮ್ ಅಂದರೆ ಕೊಂಕಣಿಯಲ್ಲಿ ಮಾವ. ನಾನು ಮೈಸೂರಿನಿಂದ ಬಂದು ಸೇರಿದ ಮೊದಲ ಬುಧವಾರ, ಒಂದೇ ದಿನದಲ್ಲಿ ಹದಿನೇಳು ವಸ್ತು ಬಾರಿಸಿದರು ಎಂದು ಡೈರಿಯಲ್ಲಿ ಬರೆದೆ. ಅದು ಅವರ ಕಣ್ಣಿಗೆ ಬಿತ್ತು.

"ಹದಿನೇಳಲ್ಲ ಬಾಯೆ, ಹದಿನೆಂಟು. ಬೆಳಿಗ್ಗೆ ಚಹಾದ ಫ್ಲಾಸ್ಕ್ ಬಿಟ್ಟಿದ್ದಿ. ಎಣಿಸುವವಳು ಸರಿ ಎಣಿಸ್ಬೇಕು ಮಾರಾಯ್ತಿ."

ಹೀಗೆ ನಾನು, ಅವರು ಹಾಡಿ ಮುದ್ರಿಸಲು ಹೊರಟಿದ್ದ ಆಲ್ಬಮ್ಮಿನ ಲೆಕ್ಕ ಬರೆಯುವವಳಾದೆ. ಯಾವ ದಿನ ಯಾವ ಹಾಡು, ಎಷ್ಟನೇ ಸಲಕ್ಕೆ ಸರಿಯಾಯಿತು ಎಂದು ಬರೆದಿಡುವುದಷ್ಟೇ ಕೆಲಸ.

ಮಂಗಳೂರಿನ ಕೊಂಕಣಿ ಕ್ರೈಸ್ತರ ಮದುವೆ ಮನೆಗಳಲ್ಲಿ ಬಾರಿಸುವ ಗುಮಟೆ, ಅಂದರೆ ಚರ್ಮ ಬಿಗಿದ ಮಣ್ಣಿನ ಗಡಿಗೆ, ಅವರ ವಾದ್ಯ. ಆಲ್ಬಮ್ಮಿನಲ್ಲಿ ಎಂಟು ಕೊಂಕಣಿ ಹಾಡುಗಳು, ಎಂಟೂ ಸೇರಿ ಒಂದೇ ಕಥೆ. ನೇತ್ರಾವತಿಯ ದಡದ ಜೇಡಿಮಣ್ಣು ಕಾರ್ಖಾನೆಗೆ ಬರುತ್ತದೆ. ನತಾಲಿ ಎಂಬ ಹುಡುಗಿ ಅಚ್ಚಿನಿಂದ ತೆಗೆದ ಹಸಿ ಹಂಚಿನಲ್ಲಿ ಅವಳ ಹೆಬ್ಬೆರಳಿನ ಗುರುತು ಉಳಿದುಬಿಡುತ್ತದೆ. ಆ ಹಂಚು ಗೂಡಿನಲ್ಲಿ ಬೆಂದು, ಹಡಗು ಹತ್ತಿ, ಮೊಂಬಾಸಾದ ಮಾಡಿನ ಮೇಲೆ ಕೂರುತ್ತದೆ.

"ನಾವು ಬರುವ ಮೊದಲೇ ನಮ್ಮ ಹಂಚು ಇಲ್ಲಿಗೆ ಬಂದಿತ್ತು. ಅದರ ಕಥೆ ಯಾರೂ ಹಾಡಿಲ್ಲ, ನೋಡು" ಎನ್ನುತ್ತಿದ್ದರು.

ಹಾಡಲು ಅವರಿಗಿದ್ದ ಸಮಯ ಮಾತ್ರ ಕಡಿಮೆ. ಗಂಟಲಿನಲ್ಲಿ ಗಂಟೊಂದು ಬೆಳೆದಿತ್ತು. ಜುಲೈ ಕೊನೆಗೆ ಶಸ್ತ್ರಚಿಕಿತ್ಸೆ. ಆಮೇಲೆ ಹಾಡುವ ದನಿ ಮರಳುತ್ತದೆಂದು ಹೇಳಲಾಗದು ಎಂದಿದ್ದರು ಡಾಕ್ಟರು. ಎಂಟು ಹಾಡುಗಳಿಗೆ ಉಳಿದದ್ದು ಎಂಟು ಶನಿವಾರ.

ಧ್ವನಿಮುದ್ರಣ ಈ ಊರಿನವನೇ ಆದ ಕಮಾವು ಎಂಬ ತರುಣನದು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಒಂದು ಕೋಣೆಯೇ ಅವನ ಸ್ಟುಡಿಯೊ. ಸೊಲ್ಲಿಗೆ ದನಿಗೂಡಿಸಲು ಇಗರ್ಜಿಯ, ಅಂದರೆ ಚರ್ಚಿನ, ನಾಲ್ವರು ಹೆಂಗಸರು. ಅವರ ಮುಂದಾಳು ಲಿಲ್ಲಿ ಆಂಟಿ. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸಿನ ಶಾಸ್ತ್ರದಲ್ಲಿ ಒಬ್ಬರು ಸಾಲು ಎತ್ತಿದರೆ ಉಳಿದವರು ಅದನ್ನು ತಿರುಗಿ ಹೇಳಲೇಬೇಕು. ಈ ನಾಲ್ವರೂ ಆ ಅಭ್ಯಾಸದಲ್ಲೇ ಬೆಳೆದವರು.

ಐದನೇ ಶನಿವಾರ ನತಾಲಿಯ ಹಾಡು. ಮನೆಯವರನ್ನು ನೆನೆದು ಅವಳು ಗೂಡಿನ ಬಳಿ ಒಬ್ಬಳೇ ಹಾಡಿಕೊಳ್ಳುವುದು. ಇದಕ್ಕೆ ದನಿಗೂಡಿಸುವುದು ಬೇಡ ಎಂದು ಮಾಮ್ ಮೊದಲೇ ಹೇಳಿದ್ದರು. ನನ್ನ ಲೆಕ್ಕದ ಪ್ರಕಾರ ಹನ್ನೊಂದು ಸಲ ಹಾಡಿದರು. ಹನ್ನೊಂದು ಸಲವೂ ಹೆಂಗಸರು ದನಿಗೂಡಿಸಿದರು.

"ಬಾಯಿ ಮುಚ್ಚಿ ಕೂರ್ಲಿಕ್ಕೆ ಆಗುದಿಲ್ವಾ ನಿಮ್ಗೆ?" ಎಂದು ಮಾಮ್ ರೇಗಿದರು. ನನಗೂ ತಿಳಿಯಲೆಂದು ಅವರ ಜಗಳವೂ ಕನ್ನಡದಲ್ಲೇ ನಡೆಯುತ್ತಿತ್ತು.

"ನೀನು ಸಾಲು ಎತ್ತಿದ ಮೇಲೆ ಸುಮ್ನೆ ಕೂರುದು ಹೇಗೆ ರೋಕಿ? ನಾವೆಂತ ಗೊಂಬೆಗಳಾ?" ಎಂದರು ಲಿಲ್ಲಿ ಆಂಟಿ.

ನಾಲ್ವರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದ್ದಾಯಿತು. ಹನ್ನೆರಡನೇ ಸಲ, ಕೊನೆಯ ಏರು ಸ್ವರದಲ್ಲಿ ಮಾಮ್‌ನ ದನಿ ಒಡೆಯಿತು. ಅದೇ ಕ್ಷಣಕ್ಕೆ ಬಾಗಿಲಾಚೆಯಿಂದ ನಾಲ್ಕು ದನಿಗಳು ಆ ಸಾಲನ್ನು ಎತ್ತಿಕೊಂಡು ದಡ ಮುಟ್ಟಿಸಿದವು.

ಕಮಾವು ಅದನ್ನು ಮತ್ತೆ ಕೇಳಿಸಿದ. ಮಾಮ್ ತಮ್ಮ ತಲೆಯನ್ನೇ ಒಮ್ಮೆ ಬಾರಿಸಿಕೊಂಡರು.

"ಅವಳು ಒಬ್ಬಳೇ ಅಂತ ಬರೆದವ ನಾನು, ಮಂಡೆ ಇಲ್ಲದವ" ಎಂದರು. "ನನ್ನಜ್ಜಿ ಅದೇ ಕೆಲಸ ಮಾಡಿದವಳು. ಅವಳ ಸಾಲಲ್ಲಿ ಎಷ್ಟು ಹೆಂಗಸರಿದ್ರು! ಅಲ್ಲಿ ಒಬ್ಬಳೇ ಅಳ್ಲಿಕ್ಕೆ ಯಾರು ಬಿಡ್ತಾರೆ? ಇರ್ಲಿ ಕಮಾವು, ಇದೇ ಇರ್ಲಿ."

"ಸವಾ, ಮ್ಜೇ" ಎಂದ ಕಮಾವು. ಸ್ವಾಹಿಲಿಯಲ್ಲಿ, ಆಗಲಿ ಹಿರಿಯರೇ ಎಂದು.

ಎಂಟನೇ ಹಾಡು ಎಂಟನೇ ಶನಿವಾರ ಮುಗಿಯಿತು. ಶಸ್ತ್ರಚಿಕಿತ್ಸೆಯ ನಂತರ ಮಾಮ್‌ಗೆ ಪಿಸುಮಾತು ಮಾತ್ರ ಉಳಿಯಿತು.

ಅಕ್ಟೋಬರಿನಲ್ಲಿ ಇಗರ್ಜಿಯ ಸಭಾಂಗಣದಲ್ಲಿ ಆಲ್ಬಮ್ ಬಿಡುಗಡೆ. ಮುದ್ರಿಸಿದ ಹಾಡುಗಳಿಗೆ ಮಾಮ್ ಗುಮಟೆ ನುಡಿಸುವುದೆಂದು ಗೊತ್ತುಮಾಡಿದ್ದೆವು. ಮೊದಲ ಹಾಡಿನ ಎರಡನೇ ಸಾಲಿಗೇ ಕರೆಂಟು ಹೋಯಿತು. ಮಾಮ್ ಗುಮಟೆ ನಿಲ್ಲಿಸಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಡು ಎತ್ತುವವರು ಎದುರಿಗೇ ಕೂತಿರುವಾಗ ತಾವು ಸಾಲು ಎತ್ತುವುದು ಅವರ ರೂಢಿಯಲ್ಲಿಲ್ಲ. ಬರೀ ಗುಮಟೆ ಕೇಳುತ್ತಿತ್ತು.

ಆಗ ಹಿಂದಿನಿಂದ ಸಾಲು ಎದ್ದಿತು. ಹಾಡಿದವನು ಕಮಾವು. ಕೊಂಕಣಿಯ ಒಂದು ಪದವೂ ಅರ್ಥವಾಗದವನು, ಮುದ್ರಣವನ್ನು ಕೇಳಿ ಕೇಳಿ ಬಾಯಿಪಾಠವಾದದ್ದನ್ನು ಒಂದಕ್ಷರವೂ ತಪ್ಪದೆ, ಅದರಲ್ಲಿ ಮೂರನೇ ನುಡಿಯ ನಡುವೆ ಮಾಮ್ ಕೆಮ್ಮಿದ್ದ ಕೆಮ್ಮನ್ನೂ ಬಿಡದೆ ಹಾಡಿದ. ಲಿಲ್ಲಿ ಆಂಟಿ ದನಿಗೂಡಿಸಿದರು. ಇಡೀ ಸಭೆ ಮೊದಲು ನಕ್ಕಿತು, ಆಮೇಲೆ ಹಾಡಿತು. ಎಂಟು ಹಾಡೂ ಹೀಗೇ ಆದವು. ಮಾಮ್‌ನ ಭುಜಗಳು ನಗುವಿನಿಂದ ಕುಲುಕುತ್ತಿದ್ದವು. ಕೈ ಮಾತ್ರ ತಾಳ ತಪ್ಪಲಿಲ್ಲ.

"ಕೆಮ್ಮು ಒಂದು ಬಿಡಬಹುದಿತ್ತು" ಎಂದು ಚೀಟಿಯಲ್ಲಿ ಬರೆದು ನನ್ನ ಕೈಗಿತ್ತರು.

ನವೆಂಬರಿನಲ್ಲಿ ಅವರು ಮೊಂಬಾಸಾದ ತಂಗಿಯ ಮನೆಗೆ ಹೊರಟರು. ರೈಲು ನಿಲ್ದಾಣಕ್ಕೆ ಕಮಾವುವೂ ಬಂದಿದ್ದ. ತಾನು ಹಾಡಿದ್ದರ ಅರ್ಥವೇನೆಂದು ಅವನು ಕೇಳಿದ. ಬೆಂಚಿನ ಮೇಲೆ ಅವನ ಕಿವಿಗೆ ಬಾಯಿಟ್ಟು, ಮಾಮ್ ಒಂದೊಂದೇ ಸಾಲನ್ನು ಪಿಸುದನಿಯಲ್ಲಿ ಸ್ವಾಹಿಲಿಗೆ ತಿರುಗಿಸುತ್ತ ಹೋದರು. ನಾಲ್ಕು ಹಾಡು ಮುಗಿಯುವಷ್ಟರಲ್ಲಿ ಹತ್ತಲು ಕರೆ ಬಂತು.

ಉಳಿದ ನಾಲ್ಕಕ್ಕೆ ಕಮಾವು ಡಿಸೆಂಬರಿನಲ್ಲಿ ಮೊಂಬಾಸಾಗೆ ಹೋಗುತ್ತಾನಂತೆ.