ತಿರುಗುವ ಸ್ಟೂಲಿನ ಮೇಲೆ ಕೂರದವರು

ನಮ್ಮ ಕಲಾಶಾಲೆಯ ಕಿಟಕಿಯಲ್ಲಿ ಮಧ್ಯಾಹ್ನದ ಸೂರ್ಯನನ್ನು, ನನ್ನ ಫಿಲ್ಮ್ ರೋಲು ಮುಗಿಯುವವರೆಗೆ ಅಲುಗದಂತೆ ನಿಲ್ಲಿಸಿದವನು ಇಲ್ಲಿನ ಫೋಟೊಗ್ರಾಫರನಾದ ನಾನು. ಆ ಬೆಳಕಿನಲ್ಲಿ ಚಿತ್ರ ಬರೆದು, ಮಣ್ಣು ಮೆತ್ತಿ, ಕುಂಚಕ್ಕೂ ಉಳಿಗೂ ಸಮಾನ ಗೌರವ ತಂದವರು ಈಗ ನಿವೃತ್ತರಾಗುತ್ತಿರುವ ನಮ್ಮ ಮೇಷ್ಟ್ರು. ಉಳಿದ ಕಲಾವಿದರು ಫೋಟೊಗಳನ್ನು ಕದ್ದು ನೋಡುತ್ತಿದ್ದ ಕಾಲದಲ್ಲಿ ಅವನ್ನು ರಾಜಾರೋಷವಾಗಿ ಎದುರಿಗಿಟ್ಟುಕೊಂಡು ದುಡಿದವರು ಅವರೆಂದರೆ ಉತ್ಪ್ರೇಕ್ಷೆಯಲ್ಲ. ಸೂರ್ಯನ ವಿಷಯ ಬೇಕಾದರೆ ಬಿಡಿ.

ಚಿತ್ರ ಬರೆಯುವಾಗ ಫೋಟೊವನ್ನು ತಲೆಕೆಳಗಾಗಿಟ್ಟು ಬರೀ ನೆರಳನ್ನು ನೋಡುವರು. ಪ್ರತಿಮೆಯಾದರೆ, ಕೂತವರನ್ನು ತಿರುಗುವ ಸ್ಟೂಲಿನ ಮೇಲೆ ತುಸುತುಸುವೇ ತಿರುಗಿಸುತ್ತ ಸುತ್ತಲಿಂದಲೂ ನನ್ನಿಂದ ಫೋಟೊ ತೆಗೆಸಿ, ಪ್ರಿಂಟುಗಳನ್ನು ಮಣ್ಣಿನ ಸುತ್ತ ದಾರಕ್ಕೆ ತೂಗುಹಾಕುವರು; ಎದುರಿನ ಚಿತ್ರವನ್ನು ನೋಡುತ್ತಿದ್ದುದು ಕೊನೆಗೆ. “ಎದುರಿಂದ ಎಲ್ಲರೂ ನಾಟಕ ಆಡ್ತಾರೆ. ಕಿವಿಗೆ ನಾಟಕ ಬರಲ್ಲ” ಎನ್ನುವರು. ದೊಡ್ಡ ಮನುಷ್ಯರು ಮುಖ ಕೊಟ್ಟು ಎದ್ದುಹೋಗುತ್ತಿದ್ದುದರಿಂದ ಕೈಗಳಿಗೆ ಮಾತ್ರ ಮೇಷ್ಟ್ರ ಪತ್ನಿ, ನನ್ನ ಪಾಲಿನ ಅತ್ತಿಗೆ, ಕೂರುತ್ತಿದ್ದರು. ವೃತ್ತಗಳಲ್ಲಿ ನಿಂತಿರುವ ನ್ಯಾಯಾಧೀಶರಿಗೂ ಸೇನಾಪತಿಗೂ ಅತ್ತಿಗೆಯವೇ ಬೆರಳು, ಗಾತ್ರವಷ್ಟೇ ಹೆಚ್ಚು.

“ನನ್ನ ಮುಖಕ್ಕೆ ಯಾವಾಗ ಮುಹೂರ್ತ?” ಎಂದು ಅವರು ಕೆಣಕಿದರೆ, “ಅದೆಲ್ಲಿ ಓಡಿಹೋಗುತ್ತೆ, ದಿನಾ ಮನೇಲೇ ಇರುತ್ತಲ್ಲ” ಎನ್ನುವರು ಮೇಷ್ಟ್ರು.

ಡಿಜಿಟಲ್ ಕ್ಯಾಮೆರಾ ಬಂದಮೇಲೆ ಫೋಟೊ ತೊಳೆಯುವ ಕತ್ತಲೆಕೋಣೆಗೆ ಬೀಗ ಹಾಕಿ ನನ್ನನ್ನು ಉಗ್ರಾಣಕ್ಕೆ ಕಳಿಸಲು ಹೊರಟಾಗ, ಪ್ರಿನ್ಸಿಪಾಲರ ಮುಂದೆ ನಿಂತವರೂ ಇವರೇ. “ಈ ಬುರುಡೆ ಹೋದ್ರೆ ನನ್ನ ಪ್ರತಿಮೆಗಳಿಗೆ ಬೆನ್ನೇ ಇರಲ್ಲ ಸಾರ್.” ಬುರುಡೆ ಎಂಬುದು ಅವರು ನನಗಿಟ್ಟ ಹೆಸರು, ಕಾರಣ ನನಗೆ ತಿಳಿಯದು.

ಹೋದ ವರ್ಷ ಅತ್ತಿಗೆ ತೀರಿಕೊಂಡರು. ಅವರ ತಲೆಯ ಪ್ರತಿಮೆಗೆಂದು ಮೇಷ್ಟ್ರು ಫೋಟೊಗಳ ಪೆಟ್ಟಿಗೆ ತೆರೆದರೆ ತುಂಬ ಕೈಗಳೇ ಇದ್ದವು. ಮುಖ ಸಿಕ್ಕಿದ್ದು ಗುರುತಿನ ಚೀಟಿಯಲ್ಲಿ, ಹೆಬ್ಬೆರಳಿನಷ್ಟು, ಅದೂ ಎದುರಿನಿಂದ. ಆ ಉದ್ದ ದಾರದಲ್ಲಿ ಅದೊಂದೇ ತೂಗುತ್ತಿತ್ತು.

“ನಾನಿಲ್ವಾ ಮೇಷ್ಟ್ರೆ, ಒಮ್ಮೆ ನೋಡಿದ ಮುಖ ಮರೆಯೋನಲ್ಲ. ಹೇಳ್ತಾ ಹೋಗ್ತೀನಿ, ನೀವು ಮೆತ್ತಿ” ಎಂದೆ. ನಾನು ಹೇಳಿದೆ, ಅವರು ಮೆತ್ತಿದರು. ಸಂಜೆಯೊಳಗೆ ಅತ್ತಿಗೆ ಉಸಿರಾಡುವುದೊಂದು ಬಾಕಿಯಿತ್ತು. ಹಾಲಿನವನು ಆ ಮಣ್ಣಿಗೆ ನಮಸ್ಕಾರ ಹೇಳಿ ಹೋದ.

ಬೀಳ್ಕೊಡುಗೆಯ ಸಂಚಿಕೆಗೆಂದು ಇಷ್ಟು ಬರೆದು, ವಿವರಗಳು ಸರಿಯಿವೆಯೇ ನೋಡಲೆಂದು ಮೇಷ್ಟ್ರಿಗೆ ಕೊಟ್ಟೆ. ಓದಿ ಕನ್ನಡಕ ತೆಗೆದರು.

“ಯಾವ ತಲೆಯಪ್ಪಾ ಇದು, ಮುಗಿದಿದ್ದು? ನಮ್ಮನೇಲಿರೋದಕ್ಕೆ ಮೂಗೇ ಇಲ್ಲ.”

ನಡೆದದ್ದು ಇಷ್ಟು. ಅಂದು ಅವರು ಒಂದೇ ಪ್ರಶ್ನೆ ಕೇಳಿದರು: “ಪಕ್ಕದಿಂದ ನೋಡಿದ್ರೆ ಮೂಗು ನೇರ ಇತ್ತಾ, ತುದಿ ಸ್ವಲ್ಪ ಬಾಗಿತ್ತಾ?” ನಾನು ದಾರದಲ್ಲಿದ್ದ ಆ ಪುಟ್ಟ ಫೋಟೊವನ್ನು ಪಕ್ಕಕ್ಕೆ ತಿರುಗಿಸಿ ನೋಡಿದೆ. ಅಷ್ಟು ವರ್ಷ ಆ ಮನೆಯಲ್ಲಿ ಕೂತು ನನ್ನ ಪ್ರತಾಪ ಹೇಳಿಕೊಂಡಿದ್ದೆ. ಅತ್ತಿಗೆ ಚಹಾ ಕೊಟ್ಟಾಗಲೆಲ್ಲ ನೋಡಿದ್ದು ಲೋಟವನ್ನು.

“ನಿನಗೂ ಗೊತ್ತಿಲ್ವಾ” ಎಂದರು ಮೇಷ್ಟ್ರು, ಮೆಲ್ಲಗೆ. “ನಾನೊಬ್ಬನೇ ಅಂದ್ಕೊಂಡಿದ್ದೆ.”

ಮಣ್ಣು ಬಿರಿಯದಿರಲೆಂದು ಅವರು ದಿನವೂ ಅದಕ್ಕೆ ಒದ್ದೆ ಬಟ್ಟೆ ಸುತ್ತುತ್ತಾರೆ. ಬಟ್ಟೆ ಹಿಂಡಿಕೊಡಲು ನಾನೂ ಹೋಗುತ್ತೇನೆ. ಕೆಲಸ ಬೇಗ ಮುಗಿಯಲಿ ಎಂದು ಹಾರೈಸುವ ಧೈರ್ಯ ನನಗಿಲ್ಲ. ಮೇಷ್ಟ್ರು ಬಹುಕಾಲ ಬಾಳಲಿ; ಆ ಮಣ್ಣು ಅಲ್ಲಿಯವರೆಗೆ ಹಸಿಯಾಗಿರಲಿ.