ತುಟಿಗಳ ನಡುವಿನ ವಾಷರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಡಿಯ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಬಲ್ಬಿನ ಕೆಳಗೆ ಕುಳಿತ ಮೆಕ್ಯಾನಿಕರ ತುಟಿಗಳ ನಡುವೆ ಅಂಗಿಯ ಗುಂಡಿಯಷ್ಟು ಅಗಲದ ಕಂದು ಬಿಲ್ಲೆಯೊಂದಿದೆ. ಮುಂದೆ ಬೆಂಚಿನ ಮೇಲೆ, ಹೊರಗೆ ನಿಂತಿರುವ ಆಸ್ಪತ್ರೆಯ ಆಂಬ್ಯುಲೆನ್ಸಿನಿಂದ ಬಿಚ್ಚಿದ ಆಲ್ಟರ್ನೇಟರ್ ಹೊಟ್ಟೆ ತೆರೆದುಕೊಂಡು ಬಿದ್ದಿದೆ.

"ಏನಣ್ಣ, ಹೆಂಡ್ತಿ ಬಾಯಿಗೆ ಬೀಗ ಹಾಕಿದಾಳಾ?" ಹೊಸ್ತಿಲಲ್ಲಿ ನಿಂತ ಆಂಬ್ಯುಲೆನ್ಸ್ ಚಾಲಕ ಕೆಣಕುತ್ತಾನೆ. ಹಿಂದಿನ ಕೋಣೆಯಲ್ಲಿ ತಾಮ್ರದ ತಂತಿ ಸುತ್ತುತ್ತಿರುವ ಹೆಂಡತಿಯೇ ಹೇಳುತ್ತಾಳೆ: "ಬೀಗ ಹಾಕಿದ್ರೆ ನಾನು ಪುಣ್ಯವಂತೆ. ಕೆಲಸ ಮುಗೀಲಿ, ಆಮೇಲೆ ನೋಡು, ಕಿವಿ ತೂತು ಬೀಳೋ ಹಾಗೆ ಮಾತಾಡ್ತಾರೆ."

ಚಾಲಕರೆಲ್ಲ ಇವರನ್ನು ಕರೆಯುವುದು ಮೂಕಣ್ಣ ಎಂದೇ. ಓಡುವ ಗಾಡಿಯಲ್ಲಿ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬಿಸುವುದು ಆಲ್ಟರ್ನೇಟರ್. ಅದು ಸವೆದರೆ ಬಹುತೇಕರು ಹೊಸದು ಕೊಳ್ಳುತ್ತಾರೆ. ಈ ಆಂಬ್ಯುಲೆನ್ಸಿನಷ್ಟು ಹಳೆಯ ಗಾಡಿಗೆ ಹೊಸದು ಸಿಗುವುದೇ ಕಷ್ಟ. ಆಸ್ಪತ್ರೆಗೆ ಇರುವುದು ಇದೊಂದೇ. ಮೂಕಣ್ಣ ಸವೆದ ಕಾರ್ಬನ್ ಬ್ರಷ್ ಕಿತ್ತು ಹೊಸದು ಕೂರಿಸುತ್ತಾರೆ, ಒಣಗಿದ ಬೇರಿಂಗ್ ಬದಲಿಸುತ್ತಾರೆ. ಸುಟ್ಟುಹೋದ ತಂತಿ ಸುರುಳಿಯನ್ನು ಹೆಂಡತಿ ಮತ್ತೆ ಸುತ್ತಿ ಕೊಡುತ್ತಾಳೆ. ದಿನಕ್ಕೆ ಎರಡು ಮುಗಿದರೆ ಹೆಚ್ಚು.

"ಹೊಸದು ಹಾಕಿದ್ರೆ ಅದನ್ನ ಮಾಡಿದ ಕಂಪನಿಯೋರು ಹೆದರಬೇಕು. ಹಳೇದಕ್ಕೆ ನಾನೇ ಹೆದರಬೇಕು" ಎನ್ನುತ್ತಾರೆ ಅವರು. ಈ ಮಾತು ತಮಾಷೆಗಲ್ಲ.

ಕೆಲಸ ಕಲಿಸಿದ್ದು ಅವರ ಅಣ್ಣ. ಕರೆಂಟು ಹೊರಗೆ ಬರುವ ಬೋಲ್ಟಿಗೂ ಅಲ್ಯೂಮಿನಿಯಂ ಕವಚಕ್ಕೂ ನಡುವೆ ಆ ಕಂದು ಬಿಲ್ಲೆ, ಅಂದರೆ ಫೈಬರ್ ವಾಷರ್, ಇರಲೇಬೇಕು. ಇಲ್ಲದಿದ್ದರೆ ನಟ್ಟು ತೆಳುವಾದ ಪ್ಲಾಸ್ಟಿಕ್ ಅಂಚಿನ ಮೇಲೆ ಕೂತಿರುತ್ತದೆ. ಬೆಂಚಿನ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ರಸ್ತೆಯ ಕುಲುಕಾಟಕ್ಕೆ ಅಂಚು ಸವೆದು ಲೋಹಕ್ಕೆ ಲೋಹ ತಗುಲಿದರೆ ಬೆಂಕಿ. ಅಣ್ಣ ಒಮ್ಮೆ ವಾಷರ್ ಮರೆತಿದ್ದ. ಸರಕು ಹೊತ್ತ ವ್ಯಾನು ದಾರಿಯಲ್ಲೇ ಉರಿಯಿತು, ಚಾಲಕನ ಎರಡೂ ಅಂಗೈ ಸುಟ್ಟವು. ಆಮೇಲೆ ಅಣ್ಣ ತಂತಿ ಮುಟ್ಟಲಿಲ್ಲ. ಈಗ ಪಕ್ಕದ ಬೀದಿಯಲ್ಲಿ ಚಕ್ರಗಳಿಗೆ ಗಾಳಿ ತುಂಬುತ್ತಾನೆ. ಅಂದಿನಿಂದ ಮೂಕಣ್ಣ, ಬಿಚ್ಚಿದ ಕೂಡಲೇ ವಾಷರನ್ನು ತುಟಿಗಿಟ್ಟುಕೊಳ್ಳುತ್ತಾರೆ. ಬಾಯಿ ಖಾಲಿಯಾಯಿತೆಂದರೆ ವಾಷರ್ ಜಾಗಕ್ಕೆ ಸೇರಿತು ಎಂದು ಲೆಕ್ಕ.

ಇವತ್ತು ಚಾಲಕನ ಫೋನು ಬಿಡದೆ ಬಡಿದುಕೊಳ್ಳುತ್ತಿದೆ. ಉಸಿರಾಟದ ತೊಂದರೆಯ ಅಜ್ಜಿಯೊಬ್ಬರನ್ನು ದೂರದ ದೊಡ್ಡಾಸ್ಪತ್ರೆಗೆ ಸಾಗಿಸಬೇಕು. ಅವನ ನಗೆ ಅಡಗಿದೆ. "ಮೂಕಣ್ಣ, ನಿಜ ಹೇಳು. ಇದನ್ನ ನಂಬಿ ಅಷ್ಟು ದೂರ ಹೋಗಬಹುದಾ?"

ಅವನ ಮುಖ ನೋಡಿ ಮೂಕಣ್ಣನಿಗೆ ಸುಮ್ಮನಿರಲಾಗುವುದಿಲ್ಲ. ವಾಷರನ್ನು ತೆಗೆದು ಬೆಂಚಿನ ಮೇಲಿಟ್ಟು ಹೇಳುತ್ತಾರೆ: "ಧೈರ್ಯವಾಗಿ ಹೋಗು."

ಆಲ್ಟರ್ನೇಟರ್ ಗಾಡಿಗೆ ಸೇರುತ್ತದೆ. ದೀಪಗಳು ಉರಿಯುತ್ತವೆ. ಆಂಬ್ಯುಲೆನ್ಸ್ ತಿರುವು ದಾಟಿ ಮರೆಯಾಗುತ್ತದೆ. ಮೂಕಣ್ಣ ಬೆಂಚು ಒರೆಸಲು ಬಟ್ಟೆ ಎತ್ತುತ್ತಾರೆ.

ಅದರಡಿಯಲ್ಲಿ ಕಂದು ಬಿಲ್ಲೆ.

ಫೋನು ಮಾಡಿದರೆ ಚಾಲಕ ಎತ್ತುವುದಿಲ್ಲ. ಹೆಂಡತಿ ಬಿಲ್ಲೆಯನ್ನು ನೋಡಿದ್ದೇ ಸ್ಕೂಟರಿನ ಕೀಲಿ ಎತ್ತಿಕೊಳ್ಳುತ್ತಾಳೆ. ಹಿಂದೆ ಕುಳಿತ ಮೂಕಣ್ಣ ಅಭ್ಯಾಸಬಲದಿಂದ ವಾಷರನ್ನು ತುಟಿಗಿಟ್ಟುಕೊಳ್ಳುತ್ತಾರೆ. ದಾರಿಯುದ್ದಕ್ಕೂ ಅವರ ಕಣ್ಣಿಗೆ ಕಟ್ಟಿದ್ದು ಆ ವ್ಯಾನಿನವನ ಅಂಗೈಗಳು. ಅಜ್ಜಿಯ ಪಕ್ಕದಲ್ಲಿರುವುದು ಆಮ್ಲಜನಕದ ಸಿಲಿಂಡರು.

ಊರಿನ ಆಸ್ಪತ್ರೆಯ ಗೇಟಿನಲ್ಲಿ ಅಜ್ಜಿಯನ್ನು ಆಗಲೇ ಆಂಬ್ಯುಲೆನ್ಸಿನೊಳಗೆ ಮಲಗಿಸಿದ್ದಾರೆ. ಮೂಕಣ್ಣ ಓಡಿ ಗಾಡಿಗೆ ಅಡ್ಡ ನಿಲ್ಲುತ್ತಾರೆ. ಮಾತಾಡಬೇಕು, ಆದರೆ ಬಾಯಿ ತೆರೆಯಲು ಭಯ. ಕೊನೆಗೆ ವಾಷರನ್ನು ಹೆಂಡತಿಯ ಅಂಗೈಗೆ ಹಾಕಿ, ಅವಳ ಮುಷ್ಟಿ ಮುಚ್ಚಿಸುತ್ತಾರೆ.

"ಇಂಜಿನ್ ಆಫ್ ಮಾಡು. ನಾನು ಒಂದು ಮರೆತಿದೀನಿ."

"ಜೀವ ಹೋಗೋ ಹೊತ್ತಲ್ಲಿ ಇದೇನು ಆಟ!" ಅಜ್ಜಿಯ ಮಗ ಕೂಗಾಡುತ್ತಾನೆ. ಮೂಕಣ್ಣ ಬಾನೆಟ್ಟಿನೊಳಗೆ ತಲೆ ತೂರಿಸಿದ್ದಾರೆ. ನಟ್ಟು ಬಿಚ್ಚುತ್ತಾರೆ. ನಟ್ಟಿನಡಿ ವಾಷರ್ ಇಲ್ಲ. ಹೆಂಡತಿ ಮುಷ್ಟಿ ಬಿಚ್ಚಿ ಕೊಡುತ್ತಾಳೆ. ಕೂರಿಸಿ, ಬಿಗಿದು, ಚಾಲಕನ ಬೆರಳನ್ನೇ ಹಿಡಿದು ಅದರ ಮೇಲೆ ಆಡಿಸುತ್ತಾರೆ. "ಸಿಕ್ತಾ? ನೀನೇ ಮುಟ್ಟಿ ನೋಡು."

ಚಾಲಕ ಮುಟ್ಟಿ ನೋಡುತ್ತಾನೆ. "ನಾನೇ ಮಾತಾಡಿಸಿ ಕೆಡಿಸಿದೆ" ಎಂದಷ್ಟೇ ಹೇಳಿ ಹತ್ತುತ್ತಾನೆ.

ಅಂಗಡಿಗೆ ಮರಳಿದ ಮೂಕಣ್ಣ ಊಟ ಮುಟ್ಟುವುದಿಲ್ಲ. "ಅಣ್ಣಂಗೂ ನಂಗೂ ಇರೋ ವ್ಯತ್ಯಾಸ ಇಷ್ಟೇ, ನಾನು ಬೆಂಚು ಒರೆಸಿದೆ" ಎನ್ನುತ್ತಾರೆ. ನಾಳೆಯಿಂದ ಅಣ್ಣನ ಪಕ್ಕ ಕೂತು ಗಾಳಿ ತುಂಬುವುದೇ ವಾಸಿ ಎಂದೂ ಹೇಳುತ್ತಾರೆ. ಹೆಂಡತಿ ಸುತ್ತಿ ಮುಗಿಸಿದ ಇನ್ನೊಂದು ಸುರುಳಿ ತಂದು ಬೆಂಚಿನ ಮೇಲಿಡುತ್ತಾಳೆ. ಶಾಲೆಯ ವ್ಯಾನಿನದು. ಕೊನೆಗೆ ಅವರು ಆ ವ್ಯಾನಿನ ಆಲ್ಟರ್ನೇಟರ್ ಎಳೆದುಕೊಂಡು ನಟ್ಟು ಬಿಚ್ಚುತ್ತಾರೆ.

ಸಂಜೆ ಫೋನು ಬರುತ್ತದೆ. ಹೆಂಡತಿ ಅದನ್ನು ಗಂಡನ ಕಿವಿಗೆ ಹಿಡಿಯುತ್ತಾಳೆ.

"ಮೂಕಣ್ಣ, ಅಜ್ಜಿನ ಸೇರಿಸಿದ್ವಿ, ಉಸಿರಾಡ್ತಿದಾರೆ. ಈಗ ವಾಪಸ್ ಹೊರಟೆ. ಧೈರ್ಯವಾಗಿ ಬರಬಹುದಾ?"

ಮೂಕಣ್ಣ ಹೆಂಡತಿಯ ಕಡೆ ನೋಡುತ್ತಾರೆ.

"ಹಲೋ? ಅಣ್ಣಾ?"

"ಬಾಯಲ್ಲಿದೆ" ಎನ್ನುತ್ತಾಳೆ ಹೆಂಡತಿ.

ಆ ಕಡೆಯಿಂದ ನಿರಾಳದ ನಿಟ್ಟುಸಿರು ಕೇಳಿಸುತ್ತದೆ. "ಇರ್ಲಿ, ಅಲ್ಲೇ ಇರ್ಲಿ. ಬಂದೆ."