ಬೇವಿನ ಗಿಡ ಇರಲೇ ಇಲ್ಲ, ಆಯಿ

ಮರಿಯವ್ವ ಆಯಿ, ನಮ್ಮೂರ ಚರ್ಚಿನ ಬಾಗಿಲ ಪಕ್ಕ ನಾನು ಬರೆದ ಫಲಕ ಇದೆಯಲ್ಲ, ಅದರಲ್ಲಿ ನಿಮ್ಮ ಅತ್ತೆಯ ಹೆಸರಿಲ್ಲ. ಇದೆ ಎಂದು ನಿಮಗೆ ಹೇಳಿದ್ದು ಸುಳ್ಳು.

ಮೂರು ವರ್ಷವಾಯಿತು. ಆಗ ನನಗೆ ಹಳೆಯ ಕಟ್ಟಡಗಳ ಹುಚ್ಚು ಹೊಸದು — ಯಾರೂ ಕಲಿಸಿದ್ದಲ್ಲ, ಸುಮ್ಮನೆ ಹತ್ತಿದ್ದು. ಅಳತೆಯ ಟೇಪು ಹಿಡಿದು ಚರ್ಚಿನ ಗೋಡೆ ಸುತ್ತುತ್ತಿದ್ದವನನ್ನು ಕಂಡು ನೀವು, "ಏನಪಾ, ನಮ್ಮ ದೇವರಿಗೆ ಅಂಗಿ ಹೊಲಸ್ತೀಯೇನು?" ಅಂದಿರಿ. ನಾನು ನಿಮ್ಮ ಧರ್ಮದವನಲ್ಲ. ಆದರೂ ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, ಎಲ್ಲ ಹೇಳಿದಿರಿ.

ನಿಮ್ಮ ಅತ್ತೆ ರೆಬೆಕ್ಕವ್ವ ಪ್ರತಿ ಭಾನುವಾರ ಮನೆಯ ಮುಂದಿನ ಅರ್ಧದಲ್ಲಿರುತ್ತಿದ್ದ ಎತ್ತುಗಳನ್ನು ಹೊರಗೆ ಕಟ್ಟಿ, ನೆಲ ಸಾರಿಸಿ, ಪ್ರಾರ್ಥನೆಗೆ ಜಾಗ ಮಾಡುತ್ತಿದ್ದರು. ಅದಕ್ಕಾಗಿ ಮಾವ ಒಂದು ತಿಂಗಳು ಮಾತು ಬಿಟ್ಟಿದ್ದರಂತೆ. ಕೊನೆಗೆ ಆ ಮನೆಯೇ ಚರ್ಚಾಯಿತು. ಮಣ್ಣಿನ ಮಾಳಿಗೆ ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಮನೆಗೊಂದು ಬುಟ್ಟಿಯಂತೆ ಸವಳು ಮಣ್ಣು ಹೊತ್ತು ಹಾಕುತ್ತಿದ್ದಿರಿ. ಆಮೇಲೆ ಹಂಚು, ಈಗ ಸ್ಲ್ಯಾಬು.

ಕಟ್ಟಡ ದೊಡ್ಡದಾದಾಗ ಸಭೆಯ ಹಿರಿಯರು, "ಇತಿಹಾಸ ನೀನ ಬರಿ" ಅಂದರು. ಕುಳಿತೆ. ಎತ್ತು, ಸೆಗಣಿ — ಇತಿಹಾಸ ಹೀಗೆ ಶುರುವಾದರೆ ಓದಿದವರು ನಗುತ್ತಾರೇನೋ ಅನ್ನಿಸಿ — "ಬೇವಿನ ಮರದ ನೆರಳಿನಲ್ಲಿ ಮೊದಲ ಪ್ರಾರ್ಥನೆ ನಡೆಯಿತು" ಎಂದು ಬರೆದೆ.

ಫಲಕ ಹಾಕಿದ ದಿನ ನೀವು ಬಂದಿರಿ. "ನಮ್ಮತ್ತಿ ಎತ್ತು ಹೊರಗ ಕಟ್ಟಿದ್ದು ಬರದೀಯೇನಪಾ?"

"ಬರದೀನ್ರಿ ಆಯಿ."

"ಎಲ್ಲೈತಿ, ತೋರಸು."

ನಿಮಗೆ ಓದಲು ಬಾರದು. ನಿಮ್ಮ ಬೆರಳು ಹಿಡಿದು ಎರಡನೆಯ ಸಾಲಿನ ಮೇಲಿಟ್ಟೆ. ಅಂದಿನಿಂದ ನೀವು ಆ ಸಾಲು ಮುಟ್ಟಿಯೇ ಒಳಗೆ ಹೋಗುತ್ತೀರಿ — ಬೇವಿನ ಮರದ ಸಾಲು.

ಹೋದ ವಾರ ಹುಡುಗರು ಅಂಗಳದಲ್ಲಿ ಬೇವಿನ ಸಸಿ ನೆಟ್ಟರು.

"ಇಲ್ಲಿ ಬೇವಿನ ಗಿಡ ಯಾವಾಗ ಇತ್ತಲೇ?" ಅಂದಿರಿ.

"ಬೋರ್ಡಿನ್ಯಾಗ ಐತಲ್ಲ ಆಯಿ," ಅಂದ ಒಬ್ಬ ಹುಡುಗ.

ನೀವು ನನ್ನ ಕಡೆ ನೋಡಿದಿರಿ. ನಾನು ಸಸಿಯ ಬುಡಕ್ಕೆ ಮಣ್ಣು ಒತ್ತುವವನಂತೆ ಬಗ್ಗಿದೆ.

"ಇದ್ದೀತು ಬಿಡ್ರಪಾ. ನನಗ ಮರತಿರಬೇಕು, ವಯಸ್ಸಾತು." ಹಾಗೆಂದು ತಂಬಿಗೆಯ ನೀರನ್ನು ಸಸಿಗೇ ಹೊಯ್ದಿರಿ.

ಆಯಿ, ನಿಮಗೆ ಏನೂ ಮರೆತಿಲ್ಲ. ಗೋಡೆ ಅಳೆಯುವುದಷ್ಟೇ ಗೊತ್ತಿದ್ದವನಿಗೆ, ಗೋಡೆಗೆ ಮಣ್ಣು ಯಾರು ಹೊತ್ತರು ಎಂದು ಕೇಳುವುದನ್ನು ಕಲಿಸಿದವರು ನೀವು. ಇಂದು ಯಾವ ಊರಿಗೆ ಹೋದರೂ ಮೊದಲು ಅದನ್ನೇ ಕೇಳುತ್ತೇನೆ. ಅಷ್ಟು ಕೊಟ್ಟವರಿಗೆ ನಾನು — ನಿಮ್ಮ ನೆನಪಿನ ಮೇಲೆಯೇ ನಿಮಗೆ ಅನುಮಾನ ಬರುವಂತೆ ಮಾಡಿದೆ.

ಈಗ ನಿಮ್ಮೊಬ್ಬರಿಗೆ ಓದುತ್ತಿರುವ ಈ ಪತ್ರವನ್ನು ಈ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರೂ ಓದುತ್ತೇನೆ, ಹಿರಿಯರಿಗೆ ಹೇಳಿಯಾಗಿದೆ. ಹೊಸ ಫಲಕವೂ ಸಿದ್ಧವಿದೆ. ಎರಡನೆಯ ಸಾಲಿನಲ್ಲಿ ರೆಬೆಕ್ಕವ್ವ, ಅವರ ಎರಡು ಎತ್ತುಗಳು. ನನ್ನ ಮಾತು ನಂಬಬೇಡಿ, ಆಯಿ. ಬರುವಾಗ ಶಾಲೆಗೆ ಹೋಗುವ ಮೊಮ್ಮಗಳನ್ನು ಕರೆದುಕೊಂಡು ಬನ್ನಿ. ಅವಳು ಓದಿ ಹೇಳಲಿ.